ಸೌತೆಕಾಯಿಗೆ ಒಲಿದ ಗಾಜು

"ಎತ್ತು. ಬಣ್ಣ ಬಿಳಿ. ವಯಸ್ಸು ಆರು. ಐದು ತಿಂಗಳ ಗಬ್ಬ."

ಶೀತಲ್ ಇಷ್ಟನ್ನು ಓದಿ ತಲೆಯೆತ್ತಿದಳು. ಹುಕ್ಕೇರಿಯ ಮಹಿಳಾ ಒಕ್ಕೂಟದ ಕಚೇರಿಯಲ್ಲಿ ಚಾಪೆಯ ಮೇಲೆ ಕೂತಿದ್ದ ನಲವತ್ತು ಹೆಂಗಸರು ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು, ಇಡೀ ಕೋಣೆ ನಗತೊಡಗಿತು.

"ಘೋಡಗೇರಿ ಯಲ್ಲಪ್ಪನ ಎತ್ತಂತ ಇದು," ಎಂದಳು ಶೀತಲ್. ಅವಳು ಮಾತ್ರ ನಗಲಿಲ್ಲ. "ಬಾಣಂತನಕ್ಕ ಯಾರ್ಯಾರ ಹೊಂಟೀರಿ ಹೇಳ್ರಿ. ಉದ್ದವ್ವಾರ, ಎದ್ದ ನಿಂದರ್ರಿ."

ಉದ್ದವ್ವ ಎದ್ದಳು. ಐವತ್ನಾಲ್ಕರ ಹೆಂಗಸು, ಮೊಣಕಾಲು ಹಿಡಿದುಕೊಂಡು ಏಳಬೇಕಾಯಿತು. ಘೋಡಗೇರಿಯ ಮನೆಮನೆಗೂ ಹೋಗಿ, ದನದ ಕಿವಿಯ ಬಿಲ್ಲೆಯ ನಂಬರು ನೋಡಿ, ಲಸಿಕೆ, ಗಬ್ಬ, ಕರು ಎಲ್ಲವನ್ನೂ ಒಕ್ಕೂಟದ ಫೋನಿನಲ್ಲಿ ತುಂಬುವುದು ಏಳು ವರ್ಷದಿಂದ ಅವಳ ಕೆಲಸ.

"ಫೋನ್ ಕೆಟ್ಟೈತ್ರಿ ಮ್ಯಾಡಮ್ಮಾರ. ಒತ್ತಿದ್ದ ತಗೋಳಂಗಿಲ್ರಿ."

"ಕೊಡ್ರಿಲ್ಲೆ."

ಸಂಕೇಶ್ವರದ ಈ ಹುಡುಗಿಗೆ ಇಪ್ಪತ್ತೆಂಟು ಇರಬಹುದು. ತಾಲ್ಲೂಕಿನ ಮೇಲ್ವಿಚಾರಕಿಯಾಗಿ ಬಂದು ಆರು ತಿಂಗಳಾಗಿತ್ತು. ಫೋನು ಅವಳ ಅಂಗೈಯಲ್ಲಿ ಸಾಕಿದ ಗಿಳಿಯಂತೆ ಹೇಳಿದ ಮಾತು ಕೇಳಿತು. ಒಂದು ಬೆರಳಿಗೆ ತೆರೆದುಕೊಂಡಿತು, ಇನ್ನೊಂದಕ್ಕೆ ಮುಚ್ಚಿಕೊಂಡಿತು. ಅವಳು ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ನನ್ನ ಕೈಯಾಗ ಹೆಂಗ ನಡೀತೈತಿ? ಫೋನಿಗೆ ನಿಮ್ಮ ಮ್ಯಾಲ ಸಿಟ್ಟ ಐತೇನು? ಖರೆ ಹೇಳ್ರಿ, ಇದನ್ನ ತುಂಬಿದವರ ಯಾರು?"

"ಯಲ್ಲಪ್ಪನ ಒತ್ತಿದ ನೋಡ್ರಿ. ನಾ ಹೇಳ್ತಿದ್ನಿ, ಅಂವ ಒತ್ತತಿದ್ದ. ಕಣ್ಣಿನ ಚಾಳೀಸ ಮನ್ಯಾಗ ಬಿಟ್ಟ ಬಂದಿದ್ದ."

ಮತ್ತೆ ನಗು. ಶೀತಲ್ ಕಾಯುತ್ತ ನಿಂತಳು, ನಗು ಇಳಿಯುವವರೆಗೆ. "ಬರೋ ಸೋಮವಾರ ನಾನ ಘೋಡಗೇರಿಗೆ ಬರ್ತೀನಿ. ನನ್ನ ಕಣ್ಣ ಮುಂದ ಹತ್ತ ದನಾ ತುಂಬ್ರಿ. ನಿಮ್ಮ ಕೈಲೆ. ಆಗಲಿಲ್ಲಂದ್ರ ಚೀಲಾ ಪೂನಮ್‌ಗೆ ಕೊಡ್ರಿ."

ಹಿಂದಿನ ಸಾಲಿನಲ್ಲಿ ಕೂತಿದ್ದ ಪೂನಮ್ ತಲೆ ತಗ್ಗಿಸಿದಳು. ಘೋಡಗೇರಿಯದೇ ಸೊಸೆ, ಬಿ.ಎ. ಓದಿದವಳು, ವರ್ಷದಿಂದ ಈ ಕೆಲಸ ಕೇಳುತ್ತಿದ್ದವಳು. ಇವಳು ಇಲ್ಲಿ ಬಂದು ಕೂತಿರುವುದು ಉದ್ದವ್ವನಿಗೆ ಆಗಲೇ ಗೊತ್ತಾದದ್ದು. ಅಂದರೆ ಮೊದಲೇ ಹೇಳಿ ಕರೆಸಿದ್ದಾರೆ.

ಒಕ್ಕೂಟ ಕೊಟ್ಟ ಆ ನೀಲಿ ಚೀಲ ಹೆಗಲಿಗೆ ಬರುವ ಮೊದಲು ಅವಳು ಊರಿಗೆ ಗಾಣದ ಉದ್ದವ್ವ. ಯಾರ ಮನೆಗೆ ಹೋದರೂ ಅಂಗಳದಲ್ಲಿ ನಿಂತೇ ಮಾತಾಡಿ ಬರುತ್ತಿದ್ದಳು. ಚೀಲ ಬಂದ ಮೇಲೆ ಅದೇ ಮನೆಗಳಲ್ಲಿ ಚಾಪೆ ಬಿಚ್ಚಿದರು, "ಬರ್ರಿ, ಕುಂಡ್ರಿ" ಎಂದರು, ಎಮ್ಮೆ ಮೇವು ಬಿಟ್ಟರೆ ಅವಳನ್ನು ಕೇಳಿದರು. ಚೀಲ ಹೋದರೆ ಚಾಪೆಯೂ ಸುತ್ತಿ ಮೂಲೆ ಸೇರುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸಭೆ ಮುಗಿದು ಹೊರಬಂದಾಗ ಬಾಗಿಲಲ್ಲಿ ಎಂಬತ್ತು ಚಪ್ಪಲಿಗಳ ರಾಶಿ. ಹೆಸರು ಗೊತ್ತಿಲ್ಲದ ಬೇರೆ ಊರಿನ ಒಬ್ಬಾಕೆ ಉದ್ದವ್ವನ ಹರಿದ ಉಂಗುಷ್ಟದ ಚಪ್ಪಲಿಯನ್ನು ಅದರೊಳಗಿಂದ ಹುಡುಕಿ, ಜೋಡಿಸಿ, ಅವಳ ಕಾಲ ಹತ್ತಿರ ಇಟ್ಟು ಹೋದಳು.

ಉದ್ದವ್ವ ಊರಿಗೆ ಹೋಗಲಿಲ್ಲ. ನೇರ ಘಟಪ್ರಭಾದ ಬಸ್ಸು ಹತ್ತಿದಳು.

ಸ್ಟೇಶನ್ ರಸ್ತೆಯಲ್ಲಿ ಭೀಮಶಿಯ ಮೊಬೈಲ್ ರಿಪೇರಿ ಅಂಗಡಿ. ಮೂಡಲಗಿಯಿಂದ ಬಂದು ಅಂಗಡಿ ಹಾಕಿದವನು. ಗೋಕಾಕದ ದೊಡ್ಡ ಅಂಗಡಿಯವರು ಆಗುವುದಿಲ್ಲವೆಂದು ಕೈಬಿಟ್ಟ ಫೋನುಗಳೂ ಅವನ ಹತ್ತಿರ ಬರುತ್ತಿದ್ದವು. ಕೈ ಎಷ್ಟು ಒಳ್ಳೆಯದೋ ಬಾಯಿ ಅಷ್ಟೇ ಕೆಟ್ಟದ್ದು. ಊಟದ ಡಬ್ಬಿ ಬಿಚ್ಚಿ ಕೂತಿದ್ದ ಅವನು ಫೋನು ತೆಗೆದುಕೊಂಡು ನಾಲ್ಕು ಸಲ ತಟ್ಟಿ ನೋಡಿದ.

"ತಗೋತೈತಲ್ಲ."

"ನಾ ಒತ್ತಿದ್ರ ತಗೋಳಂಗಿಲ್ಲ ತಮ್ಮಾ."

"ಹಂಗಾರ ರಿಪೇರಿ ಫೋನಿಂದಲ್ಲವ್ವಾ, ನಿಮ್ದು. ಎಲ್ಲಿ ಕೈ?"

ಅವನು ಅವಳ ಕೈ ಹಿಡಿದು ತಿರುವಿ ನೋಡಿದ. ಸಣ್ಣ ಸ್ಕ್ರೂ ಡ್ರೈವರಿನ ತುದಿಯನ್ನು ತೋರುಬೆರಳ ಮೇಲೆ ಒತ್ತಿದ. "ನೋಯಾಕತ್ತೈತೇನು?"

"ಇಲ್ಲ."

"ಮತ್ತ! ಇದು ಕೈ ಬಟ್ಟ ಅಲ್ಲ ಯವ್ವಾ, ಗೊರಸು."

ಹದಿನಾರನೆಯ ವಯಸ್ಸಿಗೆ ಉದ್ದವ್ವ ಗಾಣಕ್ಕೆ ಕಾಲಿಟ್ಟವಳು. ಕೊಪ್ಪರಿಗೆಯಿಂದ ಇಳಿಸಿದ ಬೆಲ್ಲ ಆರುವ ಮೊದಲೇ ಬರಿಗೈಯಲ್ಲಿ ತಟ್ಟಿ ಉಂಡೆ ಕಟ್ಟುವ ಕೆಲಸ. ಮೊದಲ ವರ್ಷ ಬೊಕ್ಕೆ ಎದ್ದವು, ಎರಡನೆಯ ವರ್ಷ ಚರ್ಮ ಸುಲಿಯಿತು, ಮೂರನೆಯ ವರ್ಷದಿಂದ ಏನೂ ಆಗಲಿಲ್ಲ. ಇಪ್ಪತ್ತೆಂಟು ಹಂಗಾಮಿನಲ್ಲಿ ಬೆರಳ ತುದಿಗಳು ಕೊಂಬಿನಂತೆ ನುಣುಪಾಗಿ ಗಟ್ಟಿಯಾದವು. ಗೆರೆಗಳೂ ಅಳಿಸಿಹೋಗಿದ್ದವು, ರೇಶನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಕೂಡ ಪ್ರತಿ ತಿಂಗಳು ಅವಳನ್ನು ಯಾರು ನೀನು ಎಂದು ಕೇಳುತ್ತಿತ್ತು.

"ಹಳೇದರಾಗ ಏನೂ ಅಡಚಣಿ ಇದ್ದಿದ್ದಿಲ್ಲ," ಎಂದಳು ಉದ್ದವ್ವ, ಕೈ ಹಿಂದೆ ಎಳೆದುಕೊಳ್ಳುತ್ತ. "ಆರ ವರ್ಷ ಒಂದ ತಪ್ಪಿಲ್ಲದ ತುಂಬೇನಿ. ಹೊಸಾದು ಬಂತು, ನನ್ನ ಮರ್ಯಾದಿ ಹೋತು."

ಭೀಮಶಿ ಕಾಲ ಕೆಳಗಿನ ಗುಜರಿ ಪೆಟ್ಟಿಗೆಯನ್ನು ಎಳೆದು ಕೈಯಾಡಿಸಿ ಒಂದು ಯಂತ್ರ ತೆಗೆದ. ದಪ್ಪ ಮೈ, ಪಕ್ಕದಲ್ಲಿ ಸಿಕ್ಕಿಸಿದ ಪ್ಲಾಸ್ಟಿಕ್ ಕಡ್ಡಿ. ಮಾರಿಬಿಟ್ಟ ಎತ್ತನ್ನು ಬೇರೆಯವರ ಕೊಟ್ಟಿಗೆಯಲ್ಲಿ ಕಂಡಂತೆ ಉದ್ದವ್ವನ ಮುಖ ಅರಳಿತು.

"ಇದ! ಇಂಥಾದ್ದ!"

"ಇಂಥಾದ್ದ ಸತ್ತ ಎಷ್ಟ ವರ್ಷಾತು." ಅವನು ಚಿಮಟದಿಂದ ಅದರ ಮುಖದ ಪೊರೆ ಎಬ್ಬಿಸಿದ. "ನೋಡ್ರಿ, ಇದು ಪ್ಲಾಸ್ಟಿಕ್ ಹಾಳಿ. ಕೆಳಗ ಗಾಜು. ನಡುವ ಕೂದಲೆಳಿಯಷ್ಟ ಸಂದಿ. ಒತ್ತಿದ್ರ ಮ್ಯಾಲಿಂದು ಕೆಳಗಿಂದಕ್ಕ ಹತ್ತತೈತಿ. ಎಲ್ಲಿ ಹತ್ತಿತು ಅನ್ನೋದು ಮಿಷಿನ್ನಿಗೆ ತಿಳೀತೈತಿ. ಉಗುರ ಒತ್ಲಿ, ಕಡ್ಡಿ ಒತ್ಲಿ, ನಿಮ್ಮ ಗೊರಸ ಒತ್ಲಿ, ಇದಕ್ಕ ಭೇದ ಇಲ್ಲ. ಆದ್ರ ಗೀರ ಬೀಳ್ತಾವ, ಬಿಸಲಾಗ ಮಬ್ಬ ಕಾಣತೈತಿ, ಎರಡ ಬಟ್ಟ ಕೂಡೇ ಇಟ್ರ ತಲಿ ಕೆಡತೈತಿ. ಅದಕ್ಕ ಬಿಟ್ಟಬಿಟ್ರು."

"ಹೊಸಾದು?"

"ಹೊಸಾದಕ್ಕ ಒತ್ತೋದು ಗಿತ್ತೋದು ತಿಳ್ಯಂಗಿಲ್ಲ. ನೀವು ಕಲ್ಲ ತಗೊಂಡ ಜಜ್ಜಿದ್ರ ಒಡೀತೈತಿ, ತಿಳ್ಯಂಗಿಲ್ಲ. ಗಾಜಿನ ಕೆಳಗ ಕಣ್ಣಿಗೆ ಕಾಣದ ಗೆರಿ ಅದಾವ, ಹೊಲದಾಗ ಸಾಲ ಹೊಡದಂಗ, ಅಡ್ಡಡ್ಡ, ಉದ್ದುದ್ದ. ಅದರಾಗ ಸಣ್ಣಂಗ ಕರೆಂಟ್. ಮೈಯಾಗಿನ ಹಸಿ ಹತ್ರ ಬಂದ್ರ ಚೂರ ಕರೆಂಟ್ ಅತ್ತ ಎಳೀತೈತಿ. ಹಂಗ ಎಳದ ಜಾಗಾನ ಬಟ್ಟ ಅಂತ ತಿಳ್ಕೋತೈತಿ. ನಿಮ್ಮ ತೊಗಲ ಒಣಗಿ ದಪ್ಪಾಗೈತಿ. ಹಸಿ ಒಳಗ ಉಳೀತೈತಿ, ಗಾಜಿಗೆ ನೀವು ಬಂದದ್ದ ಗೊತ್ತಾಗಂಗಿಲ್ಲ."

"ಬ್ಯಾಂಕಿನ್ಯಾಗಿನ ದೊಡ್ಡ ಮಿಷಿನ್ ನಾ ಒತ್ತಿದ್ರ ತಗೋತೈತಲ್ಲ? ಅದಕ್ಕ ಹೆಂಗ ಗೊತ್ತಾಗತೈತಿ?"

"ಅದರ ಚೌಕಟ್ಟಿನ್ಯಾಗ ಕಾಣದ ಬೆಳಕ ಈ ಕಡಿಂದ ಆ ಕಡಿಗೆ ಹಾಯ್ತಿರತೈತಿ. ಏನರ ಅಡ್ಡ ಬಂದ್ರ ಸಾಕು. ಎತ್ತಿನ ಬಾಲಾ ಆಡಿಸಿದ್ರೂ ನಡೀತೈತಿ. ಹಂಗಾರ ಅದನ್ನ ಕಿತಗೊಂಡ ಹೆಗಲ ಮ್ಯಾಲ ಹೊತ್ತ ಅಡ್ಡಾಡ್ರಿ ಊರ ತುಂಬ."

ಕಾಯುತ್ತ ನಿಂತಿದ್ದ ಇಬ್ಬರು ಗಿರಾಕಿಗಳು ನಕ್ಕರು. ಉದ್ದವ್ವ ಹಲ್ಲು ಕಚ್ಚಿ, ಬೆರಳನ್ನು ನಾಲಿಗೆಗೆ ತಾಗಿಸಿ ಗಾಜಿನ ಮೇಲೆ ಇಟ್ಟಳು. ಫೋನು ಬೆದರಿದ ಕರುವಿನಂತೆ ಕುಣಿಯಿತು. ಕೇಳದ ನಾಲ್ಕು ಬಾಗಿಲು ತೆರೆದು, ತೆರೆದದ್ದನ್ನು ಮುಚ್ಚಿತು.

"ಥೂ, ಎಂಜಲಾ!" ಭೀಮಶಿ ಫೋನು ಕಸಿದುಕೊಂಡು ಬಟ್ಟೆಯಿಂದ ಒರೆಸಿದ. "ಹನಿ ಹರದ ಕಡೆಲ್ಲಾ ಬಟ್ಟ ಅಂತ ತಿಳ್ಕೋತೈತಿ ಅದು. ನೋಡ್ರಿಲ್ಲೆ." ಡಬ್ಬಿಯಿಂದ ಒಂದು ಸೌತೆಕಾಯಿಯ ಹೋಳು ಎತ್ತಿ, ಅದರ ಅಂಚಿನಿಂದ ಗಾಜನ್ನು ಮುಟ್ಟಿದ. ಗಾಜು ತೆರೆದುಕೊಂಡಿತು. ಹೋಳನ್ನು ಮೇಲಕ್ಕೆ ಎಳೆದ. ಹಾಳೆ ಮೇಲಕ್ಕೆ ಸರಿಯಿತು. "ಸೌತಿಕಾಯಿನ್ನ ಮನಷ್ಯಾ ಅನ್ನತೈತಿ. ನಿಮ್ಮನ್ನ ಅನ್ನವಲ್ದು. ನಾ ಏನ ಮಾಡ್ಲಿ? ರಬ್ಬರ್ ತುದಿ ಪೆನ್ನ ಬರತಾವ, ಗೋಕಾಕದಾಗೂ ಮುಗದಾವ. ತರಿಸಾಕ ಹದಿನೈದ ದಿನಾ ಬೇಕು."

"ಇಂಥಾ ಕೈ ಕಟ್ಟಿದ ಬೆಲ್ಲಾನ ತಿಂದ ದೊಡ್ಡಾಂವ ಆಗೀ ನೀ," ಎಂದಳು ಉದ್ದವ್ವ.

"ತಿಂದಿರಬೇಕು. ಅದಕ್ಕ ನಾಕ ಹಲ್ಲ ಹುಳ ತಿಂದಾವ."

ಹೀಗೆ ಅನ್ನುತ್ತಲೇ ಅವನು ಫೋನಿನ ಮೇಲೆ ಅಂಟಿಸಿದ್ದ ದಪ್ಪ ರಕ್ಷಣೆಯ ಗಾಜನ್ನು ಕಿತ್ತು ಎಸೆದ. ಫೋನಿನ ಸೆಟ್ಟಿಂಗ್‌ನೊಳಗೆಲ್ಲೋ ಹೋಗಿ, ಕೈಗವಸು ಹಾಕಿಕೊಂಡವರಿಗೆಂದು ಇರುವ ಒಂದು ಗುಂಡಿಯನ್ನು ಚಾಲೂ ಮಾಡಿದ. "ಹತ್ತಕ್ಕ ಎರಡ ಸರ್ತಿ ತಗೋಬಹುದು. ಹೋಗ್ರಿ, ಗಿರಾಕಿ ನಿಂತಾರ." ಅವಳು ಸೆರಗಿನ ಗಂಟು ಬಿಚ್ಚುವುದರೊಳಗೆ ಉಳಿದರ್ಧ ಸೌತೆಕಾಯಿಯನ್ನು ಕಾಗದದಲ್ಲಿ ಸುತ್ತಿ ಫೋನಿನ ಮೇಲಿಟ್ಟು ಅವಳತ್ತ ನೂಕಿ, ಬೇರೆಯವರ ಮೇಲೆ ರೇಗತೊಡಗಿದ್ದ.

ಮನೆಯಲ್ಲಿ ಗಂಡ ಲಕ್ಕಪ್ಪ ಗಾಣದಿಂದ ಬಂದವನು, ಹೆಂಡತಿ ಸೌತೆಕಾಯಿ ಹಿಡಿದು ಫೋನು ಸವರುತ್ತಿರುವುದನ್ನು ನೋಡಿ ಬಾಗಿಲಲ್ಲೇ ನಿಂತ. ಊರ ಗಾಣದಲ್ಲಿ ಪಾಕದ ಹದ ನೋಡುವವನು ಅವನು.

"ಕೋಸಂಬರಿ ಮಾಡಾಕ ಹೊಂಟಿಯೋ, ದನಾ ಎಣಸಾಕ ಹೊಂಟಿಯೋ?"

"ನಿಮ್ಮ ಗಾಣದಾಗ ಸುಟ್ಟಗೊಂಡ ಕೈ ಇದು," ಎಂದಳು ಉದ್ದವ್ವ, ತಲೆ ಎತ್ತದೆ. "ನಿಮ್ಮವ್ವ ಮದಿವಿ ಆದ ಎಂಟ ದಿನಕ್ಕ ಕರಕೊಂಡ ಹೋಗಿ ನಿಂದರಿಸಿದ್ರು. ನಗ್ರಿ. ಊರ ನಕ್ಕದ ಸಾಲಲಿಲ್ಲ."

ಲಕ್ಕಪ್ಪ ನಗಲಿಲ್ಲ. ತನ್ನ ಕೈಯನ್ನೂ ಒಮ್ಮೆ ನೋಡಿಕೊಂಡು ಒಳಗೆ ಹೋದ. ಮರುದಿನ ಬೆಳಿಗ್ಗೆ ಹೊಸ್ತಿಲ ಬಳಿ ಮೂರು ಎಳೆ ಸೌತೆಕಾಯಿ ಇದ್ದವು. ಯಾರು ತಂದರು, ಯಾವಾಗ ತಂದರು ಎಂಬ ಮಾತು ಆ ಮನೆಯಲ್ಲಿ ಬರಲಿಲ್ಲ. ಸೌತೆಕಾಯಿಯ ಕಷ್ಟ ಅವಳಿಗೆ ಎರಡೇ ದಿನದಲ್ಲಿ ತಿಳಿಯಿತು: ಮೆತ್ತಗಾಗುತ್ತದೆ, ನೀರು ಸುರಿಸುತ್ತದೆ, ಏಳು ಮುಟ್ಟಲು ಹೋದರೆ ಎಂಟನ್ನೂ ಮುಟ್ಟುತ್ತದೆ. ಆದರೂ ಮೆಲ್ಲಗೆ ಹೋದರೆ ಕೆಲಸ ಸಾಗುತ್ತಿತ್ತು.

ಸೋಮವಾರ ಉದ್ದವ್ವ ಹೊಸ ಸೌತೆಕಾಯಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೀಲಿ ಚೀಲದಲ್ಲಿಟ್ಟುಕೊಂಡು ಗಾಣಕ್ಕೆ ಹೋದಳು. ಕಬ್ಬಿನ ಗಾಡಿಗಳು ಬಂದು ನಿಲ್ಲುವ ಜಾಗ ಅದು. ಹತ್ತು ಎತ್ತು ಒಂದೇ ಕಡೆ ಸಿಗುತ್ತಿದ್ದವು. ಚೀಲವನ್ನು ಗಾಡಿಯ ನೊಗಕ್ಕೆ ತೂಗುಹಾಕಿದಳು.

ಶೀತಲ್ ಹನ್ನೊಂದಕ್ಕೆ ಸ್ಕೂಟರಿನಲ್ಲಿ ಬಂದಳು. ಊರ ಬಾಗಿಲಲ್ಲಿ ಹತ್ತಿಸಿಕೊಂಡಿದ್ದ ಪೂನಮ್ ಹಿಂದೆ ಕೂತಿದ್ದಳು. ಇಳಿದವರು ಮಾತಾಡುವ ಮೊದಲೇ ಲಕ್ಕಪ್ಪ ತಟ್ಟೆ ಹಿಡಿದು ಎದುರು ಬಂದ. ತಟ್ಟೆಯಲ್ಲಿ ಆಗಷ್ಟೇ ಇಳಿಸಿದ ಬಿಸಿ ಬೆಲ್ಲ, ಪಕ್ಕದಲ್ಲಿ ಸುಲಿದ ಕಬ್ಬಿನ ತುಂಡುಗಳು.

"ನಾ ಡ್ಯೂಟಿ ಮ್ಯಾಲ ಏನೂ ತಿನ್ನಂಗಿಲ್ಲ," ಎಂದಳು ಶೀತಲ್. "ನಾಳೆ ಬೆಲ್ಲಾ ತಿನಿಸಿ ಪಾಸ್ ಆದ್ಲು ಅಂತಾರ."

"ಗಾಣಕ್ಕ ಬಂದವರನ್ನ ಬರೇ ಬಾಯಿಲೆ ಕಳಿಸಿದ್ರ ಮುಂದಿನ ಕೊಪ್ಪರಿಗಿ ಕಟ್ಟಂಗಿಲ್ರಿ," ಎಂದ ಲಕ್ಕಪ್ಪ. ಈ ನಂಬಿಕೆಯ ಮೇಲೆ ಅವನು ಯಾರ ಜೊತೆಗೂ ಜಗಳ ಮಾಡಬಲ್ಲವನಾಗಿದ್ದ. "ಅಕಿನ್ನ ಬೇಕಾದ್ರ ಫೇಲ್ ಮಾಡ್ರಿ. ನನ್ನ ಬೆಲ್ಲಾ ಫೇಲ್ ಮಾಡಬ್ಯಾಡ್ರಿ."

ತಟ್ಟೆ ಅಲ್ಲಾಡಲಿಲ್ಲ. ಗಾಣದ ಆಳುಗಳು ಕೆಲಸ ಬಿಟ್ಟು ನೋಡುತ್ತಿದ್ದರು. ಶೀತಲ್ ಸಿಟ್ಟಿನಿಂದಲೇ ಮೂರು ಬೆರಳಲ್ಲಿ ಬೆಲ್ಲ ಎತ್ತಿ ಬಾಯಿಗೆ ಹಾಕಿಕೊಂಡಳು. ರುಚಿ ಸಿಟ್ಟಿಗಿಂತ ಮುಂದೆ ಹೋಯಿತೋ ಏನೋ, ಇನ್ನೊಮ್ಮೆಯೂ ಎತ್ತಿದಳು. ಪೂನಮ್ ಕೇಳದೆಯೇ ತಿಂದಳು.

"ಹೂಂ, ಶುರು ಮಾಡ್ರಿ."

ಉದ್ದವ್ವ ಮೊದಲ ಎತ್ತಿನ ಕಿವಿ ಹಿಡಿದು ಬಿಲ್ಲೆ ಓದಿದಳು. ಬೆರಳಿಟ್ಟಳು. ಒಂದು ಅಂಕಿ ಬಿತ್ತು. ಭೀಮಶಿಯ ಗುಂಡಿಯ ಪುಣ್ಯ. ಎರಡನೆಯದು ಬೀಳಲಿಲ್ಲ. ಮೂರು ಸಲ ಇಟ್ಟರೂ ಬೀಳಲಿಲ್ಲ. ಅವಳು ಸೌತೆಕಾಯಿಗಾಗಿ ನೊಗದ ಕಡೆ ತಿರುಗಿದಳು. ಚೀಲದ ಬಾಯಿ ತೆರೆದಿತ್ತು. ಒದ್ದೆ ಬಟ್ಟೆ ನೆಲದ ಮೇಲಿತ್ತು. ಯಲ್ಲಪ್ಪನ ಬಿಳಿ ಎತ್ತು ಕಣ್ಣು ಅರೆಮುಚ್ಚಿ ನೆಮ್ಮದಿಯಿಂದ ಏನನ್ನೋ ಅಗಿಯುತ್ತಿತ್ತು.

"ಬಸರೆತ್ತಿಗೆ ಬಯಕಿ ಆಗೈತಿ!" ಎಂದು ಆಳೊಬ್ಬ ಕೂಗಿದ. ಹುಕ್ಕೇರಿಯ ಸುದ್ದಿ ಅವಳಿಗಿಂತ ಮೊದಲೇ ಊರಿಗೆ ಬಂದಿತ್ತೆಂದು ಆಗ ಗೊತ್ತಾಯಿತು. ಗಾಣವಿಡೀ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಅಕ್ಕಾರ, ನಾ ಒತ್ಲೇನ್ರಿ? ನೀವು ನಂಬರ್ ಹೇಳ್ರಿ," ಎಂದಳು ಪೂನಮ್, ಸಣ್ಣ ದನಿಯಲ್ಲಿ.

"ನೀ ಸುಮ್ಮನಿರು," ಎಂದು ಶೀತಲ್ ಗದರಿದಳು. "ಇವತ್ತ ಯಾರೂ ಒತ್ತಂಗಿಲ್ಲ. ಉದ್ದವ್ವಾರ, ಸಾಕಾತಿಲ್ಲೋ? ಚೀಲಾ ಕೊಡ್ರಿ."

ಉದ್ದವ್ವನ ಕಿವಿ ಕಾದಿತ್ತು. ಏನಾದರೂ ಹಸಿಯದು ಬೇಕು. ಅವಳ ಕಣ್ಣು ತಟ್ಟೆಯ ಮೇಲೆ ಹೋಯಿತು. ಲಕ್ಕಪ್ಪ ಇನ್ನೂ ಅದನ್ನು ಹಿಡಿದೇ ನಿಂತಿದ್ದ. ಇಡೀ ಜನ್ಮ ಕಬ್ಬಿನ ನಡುವೆ ಕಳೆದವಳು ಮೂರು ದಿನ ಸೌತೆಕಾಯಿ ಹಿಡಿದು ಒದ್ದಾಡಿದ್ದಕ್ಕೆ ತನ್ನನ್ನೇ ಬೈದುಕೊಂಡಳು. ಒಂದು ತುಂಡು ಎತ್ತಿಕೊಂಡು, ಕುಡಗೋಲಿನಿಂದ ತುದಿಯನ್ನು ಪೆನ್ಸಿಲ್ಲಿನಂತೆ ಹೆರೆದು, ಸೆರಗಿಗೆ ಒಮ್ಮೆ ಒರೆಸಿ ಗಾಜಿನ ಮೇಲೆ ಇಟ್ಟಳು.

ಅಂಕಿ ಬಿತ್ತು. ಮುಂದಿನದೂ ಬಿತ್ತು. ಕಬ್ಬು ಬಾಗಲಿಲ್ಲ, ತೊಟ್ಟಿಕ್ಕಲೂ ಇಲ್ಲ. ಏಳು ಮುಟ್ಟಿದರೆ ಏಳೇ. ನಗು ಒಬ್ಬೊಬ್ಬರಲ್ಲೇ ನಿಂತಿತು.

ಎರಡನೆಯ ಎತ್ತು, ಮೂರನೆಯದು. ಕಿವಿ ಹಿಡಿದರೆ ಕೊಡಹುವ ಎತ್ತಿಗೆ ಅವಳು ಮೊದಲು ಕೊರಳ ಕೆಳಗೆ ಜೋಲುವ ಗಂಗೆದೊಗಲು ತುರಿಸುತ್ತಿದ್ದಳು. ಅದು ಕುತ್ತಿಗೆ ಚಾಚಿ ನಿಲ್ಲುತ್ತಿತ್ತು. ಪ್ರತಿ ಎತ್ತಿಗೂ ಕಬ್ಬಿನ ತುದಿಯನ್ನು ಹೊಸದಾಗಿ ಹೆರೆದಳು. ಹತ್ತನೆಯದು ಯಲ್ಲಪ್ಪನ ಎತ್ತು. ಅದರ ಹಳೆಯ ಹಾಳೆ ತೆರೆದು, 'ಗಬ್ಬ' ಎಂಬಲ್ಲಿ 'ಇಲ್ಲ' ಎಂಬುದನ್ನು ಸ್ವಲ್ಪ ಹೊತ್ತು ಅದುಮಿಯೇ ಹಿಡಿದಳು. ಅದುಮುವುದು ಈ ಗಾಜಿಗೆ ತಿಳಿಯುವುದಿಲ್ಲವೆಂದು ಗೊತ್ತಿದ್ದೂ ಅದುಮಿದಳು.

"ಕಬ್ಬಿಲೆ ಒತ್ತೋದು ಯಾವ ನಿಯಮದಾಗೈತಿ?" ಎಂದಳು ಶೀತಲ್.

"ಬಟ್ಟಿಲೇ ಒತ್ತಬೇಕಂತ ಯಾವ ನಿಯಮದಾಗೈತ್ರಿ? ನಿಮ್ಮ ಕೈಲೆ ಅಂದ್ರಿ. ಕಬ್ಬ ನನ್ನ ಕೈಯಾಗ ಐತಿ."

"ಜಾಣತನಾ ನನ್ನ ಮುಂದ ಬ್ಯಾಡ. ಕೊಡ್ರಿ, ಏನ ತುಂಬೀರಿ ನೋಡ್ತೀನಿ."

ಅವಳು ಫೋನು ಕಸಿದುಕೊಂಡು ಬೆರಳಿಟ್ಟಳು. ಹಾಳೆ ಸರಿಯಲಿಲ್ಲ. ಮತ್ತೆ ಇಟ್ಟಳು, ಒತ್ತಿದಳು, ಓಢಣಿಗೆ ಉಜ್ಜಿ ಮತ್ತೆ ಇಟ್ಟಳು. ಬಿಸಿಯಾಗಿ ಎತ್ತಿದ ಬೆಲ್ಲ ಮೂರು ಬೆರಳ ತುದಿಗೂ ಚಿಪ್ಪಿನಂತೆ ಹೆಪ್ಪುಗಟ್ಟಿತ್ತು. ಗಾಜು ಅವಳನ್ನೂ ಗುರುತಿಸಲಿಲ್ಲ.

ಫೋನಿಗೆ ನಿಮ್ಮ ಮೇಲೆ ಸಿಟ್ಟಿದೆಯೇ ಎಂಬ ಮಾತು ಉದ್ದವ್ವನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ನಾಲ್ಕು ದಿನದಿಂದ ಕಾದಿಟ್ಟ ಮಾತು. ಆದರೆ ಆ ಹುಡುಗಿಯ ಕಿವಿಯ ಹಿಂದೆ ಕೆಂಪು ಏರುತ್ತಿದ್ದುದನ್ನು ಅವಳು ಕಂಡಳು. ಆ ಬಿಸಿ ಎಷ್ಟೆಂದು ಅವಳಿಗೆ ಗೊತ್ತಿತ್ತು. ಮಾತನ್ನು ನುಂಗಿ, ಹಂಡೆಯಿಂದ ಒಂದು ತಂಬಿಗೆ ಬೆಚ್ಚಗಿನ ನೀರು ತಂದಳು.

"ಬ್ಯಾಡ," ಎಂದಳು ಶೀತಲ್.

"ಬಿಸಿ ಬೆಲ್ಲಾ ಹಂಗ ಬಿಡಂಗಿಲ್ರಿ. ನಾ ಇಪ್ಪತ್ತೆಂಟ ವರ್ಷ ಹಿಡದೇನಿ. ಹಿಡೀರಿ ಕೈ."

ಶೀತಲ್‌ಳ ಕೈಗಳು ಮುಂದೆ ಬಂದವು. ಉದ್ದವ್ವ ನೀರು ಹಾಕಿದಳು. ಕೈ ಒರೆಸಿಕೊಂಡ ಮೇಲೆ ಶೀತಲ್ ಹತ್ತೂ ಎತ್ತಿನ ಹಾಳೆಗಳನ್ನು ಒಂದೊಂದಾಗಿ ನೋಡಿದಳು, ಎರಡು ಎತ್ತಿನ ಕಿವಿಯನ್ನು ದೂರದಿಂದಲೇ ಬಗ್ಗಿ ಓದಿ ತಾಳೆ ನೋಡಿದಳು. ತಪ್ಪು ಸಿಗಲಿಲ್ಲ. ವರದಿಯ ಕಾಗದದ ಮೇಲೆ ಸಹಿ ಎಳೆದಳು. ಪೆನ್ನಿನ ಮೊನೆ ಕಾಗದ ಹರಿಯುವಷ್ಟು ಒತ್ತಿತು.

"ಮುಂದಿನ ತಿಂಗಳ ಮತ್ತ ಬರ್ತೀನಿ. ಹೇಳದನ ಬರ್ತೀನಿ. ಇನ್ನೊಂದ ಎತ್ತ ಗಬ್ಬ ಆಗಬೇಕು, ಅವತ್ತ ನೋಡ್ರಿ."

"ಬರ್ರಿ. ಬರೇ ಬಾಯಿಲೆ ಕಳಸಂಗಿಲ್ಲ."

ಶೀತಲ್‌ಳ ಮುಖ ಸಡಿಲಲಿಲ್ಲ. ಆದರೆ ಹೊರಡುವ ಮೊದಲು ಅವಳು ಓಢಣಿಯ ಒಣ ಅಂಚಿನಿಂದ ಫೋನಿನ ಗಾಜಿಗೆ ಅಂಟಿದ್ದ ಕಬ್ಬಿನ ಹಾಲನ್ನು ಮೂಲೆಮೂಲೆಯೂ ಬಿಡದೆ ಒರೆಸಿದಳು. ಅದನ್ನು ಉದ್ದವ್ವನ ಕೈಗೆ ಕೊಡದೆ ನೊಗದ ಮೇಲಿದ್ದ ನೀಲಿ ಚೀಲದೊಳಗೆ ತಾನೇ ಇಟ್ಟು, ಎತ್ತಿನ ಬಾಯಿಗೆ ಸಿಗದಂತೆ ಚೀಲದ ಬಾಯಿ ಬಿಗಿದಳು. ಸ್ಕೂಟರು ಧೂಳೆಬ್ಬಿಸಿ ಹೋಯಿತು.

ಪೂನಮ್ ಅಲ್ಲೇ ಉಳಿದಿದ್ದಳು, ಗಾಡಿಯ ಹಿಂಬದಿಯಲ್ಲಿ, ಎತ್ತುಗಳ ಬಾಲದ ಕಡೆ.

"ಅಕ್ಕಾರ," ಎಂದಳು. "ಬಿಲ್ಲೆ ಓದೂ ಮುಂದ ಯಾವ ಬಾಜೂ ನಿಂದರಬೇಕ್ರಿ?"

ಉದ್ದವ್ವ ಚೀಲವನ್ನು ಹೆಗಲಿಗೇರಿಸಿ, ಅವಳತ್ತ ನೋಡದೆ, ಉಳಿದ ಕಬ್ಬಿನ ತುಂಡನ್ನು ಬಾಯಿಗೆ ಹಾಕಿಕೊಂಡು ಜಗಿದಳು.

"ಹುಕ್ಕೇರ್ಯಾಗ ನನ್ನ ಹಿಂದ ಕುಂತಿದ್ದ್ಯಲ್ಲ," ಎಂದಳು, "ಹಂಗ ಹಿಂದ ನಿಂದರಬ್ಯಾಡ. ಒದೀತೈತಿ. ಮುಂದ ಬಾ."